ಕೇಕಿನ ಅಂಚಿಗೆ ಉಪ್ಪು

"ಉಪ್ಪು ಗ್ಲಾಸಿನ ಒಳಗೆ ಅಲ್ಲ ಮಗಾ, ಬಾಯಿಯ ಸುತ್ತ. ಸುತ್ತ!" ಮಾವನ ಗೆಳೆಯ ಆಂಬ್ರೋಸ್ ಫೋನಿನಲ್ಲಿ ಕಿರುಚುತ್ತಿದ್ದರು. "ಲಿಂಬೆ ಉಜ್ಜಿ ಉಪ್ಪಿನಲ್ಲಿ ಅದ್ದುವುದು. ಅದಿಲ್ಲದಿದ್ರೆ ಅದು ಪಿಯುಸನ ಡ್ರಿಂಕೇ ಅಲ್ಲ."

"ಸುತ್ತ. ಆಯ್ತು ಅಂಕಲ್," ಎಂದು ಭಾರ್ಗವಿ ಫೋನ್ ಇಟ್ಟಳು. ಕೇಕಿನ ಟಿನ್ನಿಗೆ ಬೆಣ್ಣೆ ಸವರಿ ಎಲ್ಲರೂ ಮೈದಾ ಉದುರಿಸುತ್ತಾರೆ. ಇವಳು ಅಂಚಿಗೆಲ್ಲ ಲಿಂಬೆ ಉಜ್ಜಿ, ಪುಡಿ ಉಪ್ಪು ಉದುರಿಸಿ, ಟಿನ್ನನ್ನು ತಿರುಗಿಸಿ ತಿರುಗಿಸಿ ತಟ್ಟಿದಳು. ಉಪ್ಪು ಸುತ್ತಲೂ ಬೆಳ್ಳಗೆ ಕೂತಿತು. ಕುಡಿಯುವವರೇ ಇಲ್ಲದ ಮನೆಯಿಂದ ಬಂದವಳು, ಪಾಪ! ಗ್ಲಾಸನ್ನು ಯಾರೂ ತಿನ್ನುವುದಿಲ್ಲ, ಕೇಕನ್ನು ತಿನ್ನುತ್ತಾರೆ ಎಂಬುದು ಆ ಹೊತ್ತಿಗೆ ಅವಳ ತಲೆಗೆ ಹೋಗಲೇ ಇಲ್ಲ.

ಪಿಯುಸ್ ಅವಳ ಮಾವ. ಬಹರೈನಿನ ದೊಡ್ಡ ಹೋಟೆಲೊಂದರ ಬಾರಿನಲ್ಲಿ ವರ್ಷಗಟ್ಟಲೆ ದುಡಿದು ಉರ್ವಕ್ಕೆ ಮರಳಿದವರು. ಫೆನ್ನಿ, ಕೆಂಪು ಪುನರ್ಪುಳಿ ಹಣ್ಣಿನ ರಸ, ಲಿಂಬೆ, ಸೀಳಿದ ಹಸಿಮೆಣಸು, ಮೇಲಿಂದ ಸೋಡಾ: ಅದು ಅವರೇ ಕಂಡುಹಿಡಿದ ಡ್ರಿಂಕು. ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ಬಂದು ಅದೊಂದನ್ನು ಕಲಸಿ ಕೂತರೆ ಮನೆಯೆಲ್ಲ ಅವರ ನಗುವೇ.

ಕ್ರಿಸ್ಮಸ್ ಕಳೆದದ್ದೇ ಲಿವರ್ ಕೈಕೊಟ್ಟಿತು. ಅತ್ತಾವರದ ಡಾಕ್ಟರು ಇನ್ನು ಒಂದು ಹನಿಯೂ ಬೇಡ ಎಂದರು. ಪಿಯುಸ್ ಒಳ್ಳೆಯ ಹುಡುಗನ ಹಾಗೆ ತಲೆ ಆಡಿಸಿ ಬಂದು, ಆಂಬ್ರೋಸ್ ಗೋವಾದಿಂದ ತಂದುಕೊಟ್ಟ ಬಾಟಲಿಯನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿದರು. ಅದು ಭಾರ್ಗವಿಯ ಕೈಗೆ ಸಿಕ್ಕಿತು. ಅವಳು ಯಾರಿಗೂ ಹೇಳಲಿಲ್ಲ, ಯಾರನ್ನೂ ಕೇಳಲಿಲ್ಲ, ಸಿಂಕಿಗೆ ಸುರಿದುಬಿಟ್ಟಳು. ತಿರುಗಿ ನೋಡಿದರೆ ಬಾಗಿಲಲ್ಲಿ ಪಿಯುಸ್!

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ. ಆವತ್ತಿನಿಂದ ಅವಳೊಡನೆ ಮಾತು ನಿಂತಿತು. ಅವಳು ಎದುರಿಗೇ ನಿಂತಿದ್ದರೂ ಮಗನನ್ನು ಕರೆದು "ಕ್ಯಾಲ್ವಿನ್, ಅವಳಿಗೆ ಹೇಳು, ಗೇಟ್ ಹಾಕ್ಲಿಕ್ಕೆ" ಎನ್ನುವುದು. ಭಾರ್ಗವಿಗೆ ಅದು ಊಟ ಇಳಿಯದಷ್ಟು ನೋವು. ದೇರೆಬೈಲಿನ ಭಟ್ಟರ ಮಗಳಾದ ಅವಳನ್ನು ಕ್ಯಾಲ್ವಿನ್ ಮದುವೆಯಾಗಿ ಕರೆತಂದ ದಿನ ಅತ್ತೆ ಬೆನಿಟಾ ಕೋಣೆ ಸೇರಿ ಚಿಲಕ ಹಾಕಿಕೊಂಡಾಗ, "ಹುಡುಗಿ ನಗ್ತಾ ನಗ್ತಾ ಮಾತಾಡ್ತಾಳೆ, ನನಗೆ ಅಷ್ಟು ಸಾಕು ಮಾರಾಯ" ಎಂದು ಒಳಗೆ ಕರೆದದ್ದು ಈ ಮನುಷ್ಯನೇ. ಈಗ ಇದೇ ಮನುಷ್ಯ ಮುಖ ತಿರುಗಿಸಿ ಕೂತರೆ ಅವಳು ಯಾರ ಹತ್ತಿರ ನಗಬೇಕು?

ಇವತ್ತು ಮಾವನ ಹುಟ್ಟುಹಬ್ಬ. ಅವರ ಬಾಯಿಂದ ತನಗೆಂದೇ ಒಂದು ಮಾತು ಬರಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಮಾವನ ಡ್ರಿಂಕಿನದೇ ರುಚಿಯ ಕೇಕು ಮಾಡಬೇಕು, ಫೆನ್ನಿ ಮಾತ್ರ ಹಾಕುವಂತಿಲ್ಲ. ಆದರೆ ಫೆನ್ನಿ ಬರುವುದು ಎಲ್ಲಿಂದ? ಗೇರು ಹಣ್ಣಿನಿಂದ ತಾನೆ! ಉರ್ವ ಮಾರ್ಕೆಟಿನಲ್ಲಿ ಸಿಕ್ಕಿದ್ದನ್ನೆಲ್ಲ ತಂದು, ಹಿಂಡಿ, ರಸವನ್ನು ಸಣ್ಣ ಉರಿಯಲ್ಲಿ ಬತ್ತಿಸತೊಡಗಿದಳು. ಅಡುಗೆಮನೆಯಿಂದ ಎದ್ದ ವಾಸನೆಗೆ ಬೆನಿಟಾ ನೈಟಿ ಎತ್ತಿಕೊಂಡು ಓಡಿ ಬಂದರು.

"ದೇವರೇ! ಯಾರು ಬಾಟ್ಲಿ ತೆಗ್ದದ್ದು?"

"ಬಾಟ್ಲಿ ಅಲ್ಲ ಮಮ್ಮಿ, ಹಣ್ಣು."

ಬೆನಿಟಾ ಪಾತ್ರೆಯ ಮೇಲೆ ಬಗ್ಗಿ ಮೂಸಿ, ಸೊಸೆಯನ್ನು ನೋಡಿ, ಮತ್ತೆ ಮೂಸಿದರು. "ನೀನು ಭಾರಿ ಉಷಾರಿ ಮಾರಾಯ್ತಿ," ಎಂದವರೇ ಸೆರಗಿಲ್ಲದ ನೈಟಿಯ ತೋಳಿನಲ್ಲೇ ಕಣ್ಣು ಒರೆಸಿಕೊಂಡರು.

ಸಂಜೆ ಪಿಯುಸ್ ಅಂಗಳದ ಕುರ್ಚಿ ಬಿಟ್ಟು ಏಳಲಿಲ್ಲ. "ಹುಟ್ಟುಹಬ್ಬ ಎಂತದ್ದು, ನಾನೇನು ಮಗುವಾ?" ಎಂದರು. ಬೆನಿಟಾ ಕೈಹಿಡಿದು ಎಳೆದೇ ತಂದರು. ಪುನರ್ಪುಳಿಯ ಬಣ್ಣ ತುಂಬಿಕೊಂಡು ಕೆಂಪಗಿದ್ದ ಕೇಕಿನ ಮೇಲೆ ಒಂದೇ ಒಂದು ಸೀಳಿದ ಹಸಿಮೆಣಸು. ಪಿಯುಸ್ ಅದನ್ನು ನೋಡಿದರು. ಗಾಳಿಯಲ್ಲಿ ಏನನ್ನೋ ಮೂಸಿದರು. ಮುಖ ಸ್ವಲ್ಪ ಸಡಿಲಾಯಿತು.

ಹಾಡಾಯಿತು, ಚಪ್ಪಾಳೆಯಾಯಿತು. ಎಲ್ಲರ ಕೈಗೂ ಒಂದೊಂದು ತುಂಡು ಬಂತು.

ಮೊದಲು ಕೂಗಿದ್ದು ಕ್ಯಾಲ್ವಿನ್. "ಅಯ್ಯೋ, ಉಪ್ಪು! ಸಮುದ್ರವನ್ನೇ ತಂದು ಹಾಕಿದ್ದೀಯಾ?" ಅವನು ಬೇಸಿನ್ನಿಗೆ ಓಡಿದ. ಬೆನಿಟಾ ಸೊಸೆಗೆ ಬೇಸರವಾಗಬಾರದೆಂದು ನಾಲ್ಕು ಸಲ ಜಗಿದು ಕೊನೆಗೆ ಸೋತು ನೀರಿನ ಚೊಂಬಿಗೆ ಕೈ ಹಾಕಿದರು. ಭಾರ್ಗವಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಪಿಯುಸ್ ಮಾತ್ರ ಚಾಕು ತೆಗೆದುಕೊಂಡು ತನ್ನ ತುಂಡಿನ ಅಂಚನ್ನು ಹುಷಾರಾಗಿ ಕೆತ್ತಿ ಬದಿಗಿಟ್ಟರು. ಒಳಗಿನದನ್ನು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ಎಷ್ಟೋ ಹೊತ್ತು ತೆರೆಯಲೇ ಇಲ್ಲ.

"ಕ್ಯಾಲ್ವಿನ್," ಎಂದರು. "ಕೇಳು ಅವಳಿಗೆ, ಬಾಯಿಗೆ ಹಾಕಿ ನೋಡಿದ್ದಾಳಾ ಅಂತ."

"ಇಲ್ಲ," ಎಂದಳು ಭಾರ್ಗವಿ, ಕ್ಯಾಲ್ವಿನ್‌ಗೆ ಕಾಯದೆ.

"ಟಿನ್ನಿಗೆ ಅಂಟಿದ ಚೂರನ್ನಾದರೂ?"

"ಇಲ್ಲ. ನಮ್ಮ ಮನೆಯಲ್ಲಿ ಅಪ್ಪ ನೈವೇದ್ಯ ಇಡುವವರೆಗೆ ಯಾರೂ ನಾಲಗೆಗೆ ಮುಟ್ಟಿಸುವುದಿಲ್ಲ. ಉಪ್ಪು ನೋಡುವುದು ಸಹ ಇಲ್ಲ. ಮೂಗಿನಲ್ಲೇ ಗೊತ್ತಾಗಬೇಕು."

"ಅದು ದೇವರಿಗೆ ಅಲ್ವಾ?" ಪಿಯುಸ್ ಗೋಡೆಗೆ ಹೇಳಿದಂತೆ ಹೇಳಿದರು.

"ಹೌದು. ಇದು ನಿಮಗೆ ಅಂತ ಮಾಡಿದ್ದು. ನಿಮಗಿಂತ ಮೊದಲು ತಿನ್ನಲಿಕ್ಕೆ ನನಗೆ ಮನಸ್ಸು ಬರಲಿಲ್ಲ." ಇವತ್ತಲ್ಲದಿದ್ದರೆ ಇನ್ನು ಯಾವತ್ತೂ ಇಲ್ಲ ಎಂದು ಗಟ್ಟಿ ಮನಸ್ಸು ಮಾಡಿದಳು. "ಚೆಲ್ಲಿದ್ದಕ್ಕೆ ನನಗೆ ಬೇಜಾರಿಲ್ಲ ಪಪ್ಪಾ. ಇನ್ನೊಂದು ಬಾಟ್ಲಿ ಸಿಕ್ಕಿದ್ರೆ ಅದನ್ನೂ ಚೆಲ್ತೇನೆ. ಆದರೆ ಕಳ್ಳನ ಮಾಲು ಚೆಲ್ಲಿದ ಹಾಗೆ ಚೆಲ್ಲಿದೆ. ನಿಮ್ಮ ಹತ್ತಿರ ಬಂದು ಒಂದು ಮಾತು ಹೇಳಬೇಕಿತ್ತು. ಅದು ನನ್ನ ತಪ್ಪು. ನೀವು ಮಾತಾಡದೆ ಇದ್ರೆ ನನಗೆ ಈ ಮನೆಯಲ್ಲಿ ಇರಲಿಕ್ಕೆ ಆಗುವುದಿಲ್ಲ."

ಹೊರಗೆ ಸಿಟಿ ಬಸ್ಸೊಂದು ಹಾರ್ನ್ ಹೊಡೆಯುತ್ತ ಇಳಿಜಾರಿನಲ್ಲಿ ಹೋಯಿತು. ಪಿಯುಸ್ ಕುರ್ಚಿ ಹಿಂದೆ ತಳ್ಳಿ ಎದ್ದು, ತಲೆ ಎತ್ತದೆ ಒಳಗೆ ನಡೆದುಬಿಟ್ಟರು.

"ಹೋದರಲ್ಲ," ಎಂದು ಭಾರ್ಗವಿ ಕಣ್ಣೀರು ಹಾಕಿದಳು. ಬೆನಿಟಾ ಅವಳ ಬೆನ್ನು ಸವರಿದರು.

ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಡಬ್ಬವೊಂದು ಬಿತ್ತು. ಆಮೇಲೆ ಮನೆಯೆಲ್ಲ ಕೇಳುವ ಹಾಗೆ ಒಂದು ಕೂಗು.

"ಭಾರ್ಗವೀ! ಪುನರ್ಪುಳಿ ಎಲ್ಲಿ ಇಟ್ಟಿದ್ದೀ? ಈ ಅಡುಗೆಮನೆಯಲ್ಲಿ ಒಂದು ಸಾಮಾನೂ ಇದ್ದಲ್ಲಿ ಇಲ್ಲ ಮಾರಾಯ್ತಿ!"

ಅವಳು ಓಡಿದಳು. ಪಿಯುಸ್ ಅಂಗಿಯ ತೋಳು ಮಡಚಿ ಒಲೆಯ ಮುಂದೆ ನಿಂತಿದ್ದರು. ಉಳಿದಿದ್ದ ಗೇರು ರಸಕ್ಕೆ ಪುನರ್ಪುಳಿ ಬಿತ್ತು, ಸಕ್ಕರೆ ಬಿತ್ತು, ಮೆಣಸು ಬಿತ್ತು. "ಅಂಚು ಎಲ್ಲ ಕತ್ತರಿಸಿ ತೆಗೆ. ಒಳಗೆ ಮಾಲು ಒಳ್ಳೇದುಂಟು. ಇದನ್ನು ಮೇಲಿಂದ ಹೊಯ್ಯುವ," ಎಂದರು. ಎರಡು ಬೆರಳಿನಲ್ಲಿ ಚೂರೇ ಚೂರು ಉಪ್ಪು ಹಿಡಿದು ತೋರಿಸಿದರು. "ಇಷ್ಟು. ಗೊತ್ತಾಯ್ತಾ?"

"ಗೊತ್ತಾಯ್ತು."

"ಗೊತ್ತಾಗಲಿಲ್ಲ. ನೋಡದೆ ಹೇಗೆ ಗೊತ್ತಾಗ್ತದೆ? ರುಚಿ ನೋಡದೆ ಒಂದು ಗ್ಲಾಸ್ ನಾನು ಟೇಬಲ್ಲಿಗೆ ಕಳಿಸಿದ್ದಿಲ್ಲ." ಒಂದು ಚಮಚ ತುಂಬಿಕೊಂಡು ಊದಿದರು. ಅವಳು ಅವರೇ ಕುಡಿಯಲಿ ಎಂದು ಕಾದಳು. ಚಮಚ ಅವಳ ಬಾಯಿಯ ಹತ್ತಿರ ಬಂತು.

"ನೀವು ಮೊದಲು, ಪಪ್ಪಾ."

"ಮೊದಲು ನೀನು."

ಭಾರ್ಗವಿ ಬಾಯಿ ತೆರೆದಳು. ಹುಳಿ, ಆಮೇಲೆ ಸಿಹಿ, ಎಲ್ಲೋ ಹಿಂದಿನಿಂದ ಖಾರ. ಪಿಯುಸ್ ಖಾಲಿ ಚಮಚವನ್ನು ಕೈಯಲ್ಲೇ ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಅವಳ ಮುಖವನ್ನೇ ನೋಡುತ್ತ ನಿಂತರು.