ಸುಣ್ಣದ ಗುರುತು ಬಿದ್ದ ಏಳು ಜಾಲಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಮುರಗೋಡದಲ್ಲಿ ಎಲ್ಲರಿಗೂ ಗೊತ್ತು. ಸಾಲೆಯ ಹುಡುಗರಿಗಂತೂ ಬೆನ್ನಿನ ಮೇಲೆ ಗೊತ್ತು. ಆದರೆ ಹತ್ತೊಂಬತ್ತುನೂರಾ ಎಂಟನೆಯ ಇಸವಿಯ ಭಾದ್ರಪದದಲ್ಲಿ ಬಂದ ಸಿಟ್ಟು ಇನ್ನೂ ಆರಿಲ್ಲ. ಆರುವುದು ನನಗೆ ಬೇಕಾಗಿಯೂ ಇಲ್ಲ.

ನಾವು ಮೂವರು ಗೆಳೆಯರು. ನಾನು ವೆಂಕಣ್ಣ, ಕನ್ನಡ ಸಾಲೆಯ ಮಾಸ್ತರ. ತ್ರ್ಯಂಬಕ ಪುಣೆಯಲ್ಲಿ ನಾಲ್ಕು ವರ್ಷ ಓದಿ, ಪರೀಕ್ಷೆ ಪಾಸಾಗದೆ, ಒಂದು ದುರ್ಬೀನು ಹಿಡಿದುಕೊಂಡು ಮರಳಿ ಬಂದವನು. ನಿಜಗುಣಪ್ಪನದು ಯರಗಟ್ಟಿಯಲ್ಲಿ ಅರಿವೆ ಅಂಗಡಿ. ಅವನಿಗೆ ಹಕ್ಕಿಗಿಂತ ಬುತ್ತಿಯ ಮೇಲೆ ಕಣ್ಣು. ರವಿವಾರ ಬಂತೆಂದರೆ ಕೆರೆ ಹಳ್ಳ ಸುತ್ತಿ ಹಕ್ಕಿ ನೋಡುವುದು ನಮ್ಮ ಚಟ. "ಬ್ಯಾಟಿ ಆಡೂದಿಲ್ಲ, ತಿನ್ನೂದಿಲ್ಲ, ಬರೇ ನೋಡಾಕ ಹೊಕ್ಕಾರ!" ಎಂದು ಮಂದಿ ನಗುತ್ತಿದ್ದರು.

ಆ ರವಿವಾರ ಯರಗಟ್ಟಿ ದಾರಿಯಿಂದ ಒಳಗಿರುವ ಒಂದು ಸಣ್ಣ ಹಳ್ಳಿಯ ಕೆರೆಗೆ ಹೋದೆವು. ಕೆರೆಯಂಚಿನಲ್ಲಿ ಲಕ್ಕಪ್ಪನೆಂಬ ರೈತನ ಹೊಲ. ಅದರ ಬದುವಿನ ಮೇಲೆ ಏಳು ಜಾಲಿಮರ, ಮಳೆಯ ನೀರು ಅವುಗಳ ಬುಡದವರೆಗೆ ಬಂದಿತ್ತು. ಏಳರ ತುಂಬ ಬೆಳ್ಳಕ್ಕಿ ಗೂಡು, ಗೂಡಿನ ತುಂಬ ಮರಿ.

ಲಕ್ಕಪ್ಪನ ತಾಯಿ ಶಟ್ಟೆವ್ವ ಗುಡಿಸಲಿನ ಮುಂದೆ ಕೂತಿದ್ದಳು. ನಮ್ಮನ್ನು ಕಂಡೊಡನೆ ತುಟಿಯ ಮೇಲೆ ಬೆರಳಿಟ್ಟಳು.

"ಸಾವಕಾಶ ಮಾತಾಡ್ರೆಪ್ಪಾ. ತವರಿಗೆ ಬಂದ ಬಾಣಂತ್ಯಾರು ಅದಾರ."

ತಾನು ಸೊಸೆಯಾಗಿ ಬಂದಾಗಿನಿಂದಲೂ ಅವು ಪ್ರತಿ ಮಳೆಗಾಲ ಈ ಮರಗಳಿಗೇ ಬರುತ್ತಿವೆ, ಮರಿ ಹಾರುವ ತನಕ ಈ ಹೊಲದಲ್ಲಿ ಕವಣೆ ಬೀಸುವಂತಿಲ್ಲ, ಹಲಗೆ ಬಾರಿಸುವಂತಿಲ್ಲ ಎಂದಳು. "ನನಗ ಹೆಣ್ಣು ಹುಟ್ಟಲಿಲ್ಲ. ನಾ ಬಾಣಂತನ ಮಾಡಿದ್ದಂದ್ರ ಇವಕ್ಕ ಅಷ್ಟ."

ಗೂಡು ಎಣಿಸಬೇಕೆಂದು ತ್ರ್ಯಂಬಕ ಹಟ ಹಿಡಿದ. ಎಣಿಸಿದ ಮರವನ್ನೇ ಮತ್ತೆ ಎಣಿಸಬಾರದೆಂದು, ನಿಜಗುಣಪ್ಪನ ಎಲೆ ಅಡಿಕೆಯ ಚಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಒಂದೊಂದು ಬೊಡ್ಡೆಯ ಮೇಲೂ ಅಂಕಿ ಬರೆದ. ಒಂದು, ಎರಡು, ಮೂರು. ಜಾಣತನ ಮೆಚ್ಚಿ ಬೆನ್ನು ತಟ್ಟಿದವನು ನಾನೇ.

ನಾನು ಐವತ್ಮೂರನೆಯ ಗೂಡು ಎಣಿಸುತ್ತಿದ್ದಾಗ ಲಕ್ಕಪ್ಪ ಹೊಲದಿಂದ ಬಂದ.

"ಸಾಹೇಬ್ರ, ಗಿಡಕ್ಕ ನಂಬರ ಯಾಕ ಹಾಕಾಕ ಹತ್ತೀರಿ?"

ಲೆಕ್ಕ ತಪ್ಪಿತು. ನನ್ನ ಮೈ ಉರಿಯಿತು. "ಎಣಸ್ಲಿಕ್ಕೆ ಹತ್ತೇನಿ, ಕಾಣೂದಿಲ್ಲೇನು? ನಿನ್ನ ಕೆಲಸ ನೀ ನೋಡಿಕೋ ಹೋಗು!"

"ಇವು ನಮ್ಮ ಗಿಡ ಅದಾವ್ರಿ. ಯಾತಕ್ಕ ಅಂತ ಕೇಳಿದ್ನಿ."

"ನಿನಗ್ಯಾಕ ಬೇಕದು?" ಎಂದೆ. ಅವನು ಕೈಮುಗಿದು ಹೋದ. ನಾನು ಮತ್ತೆ ಒಂದರಿಂದ ಎಣಿಸತೊಡಗಿದೆ.

ಆಮೇಲೆ ಬಾತುಕೋಳಿ ನೋಡಲು ಕೆರೆಯ ಆಚೆ ದಂಡೆಗೆ ಹೋದೆವು. ರೊಟ್ಟಿ, ಶೇಂಗಾ ಚಟ್ನಿ ತಿಂದು ನಿಜಗುಣಪ್ಪ ಗೊರಕೆ ಹೊಡೆದ. ಗಾಳಿ ನಮ್ಮತ್ತ ತಿರುಗಿದಾಗ ಕೊಡಲಿ ಸಪ್ಪಳ ಕೇಳಿಸಿತು, ಎಷ್ಟು ಹೊತ್ತಿನಿಂದ ನಡೆದಿತ್ತೋ. ತ್ರ್ಯಂಬಕ ದುರ್ಬೀನು ಎತ್ತಿದ. ಅವನ ಮೋರೆ ಬಿಳಿಚಿಕೊಂಡದ್ದನ್ನು ನೋಡಿ ನಾನು ಓಡಿದೆ.

ಏರಿ ಸುತ್ತಿ ಹೋಗುವುದರೊಳಗೆ ಐದು ಮರ ಬಿದ್ದಿದ್ದವು. ನಾಲ್ಕೈದು ಆಳು ಉಳಿದೆರಡಕ್ಕೆ ಕೈ ಹಚ್ಚಿದ್ದರು. ತಾಯಿಹಕ್ಕಿಗಳು ಮೇಲೆ ಸುತ್ತುತ್ತಿದ್ದವು. ಕೆಳಗೆ ಮರಿಗಳು ನೀರಲ್ಲಿ, ಕೆಸರಲ್ಲಿ, ಮುಳ್ಳಲ್ಲಿ. ಕಾಗೆ ಹದ್ದುಗಳಿಗೆ ಹಬ್ಬ.

ನಾನು ಲಕ್ಕಪ್ಪನ ರಟ್ಟೆ ಹಿಡಿದು ಎಳೆದೆ. "ನೀ ಮನಷ್ಯಾನೋ, ರಾಕ್ಷಸನೋ?"

ಅವನು ರಟ್ಟೆ ಕೊಸರಿಕೊಂಡ. "ಹೋದ ವರ್ಷ ಜಂಗಲ ಕಚೇರಿಯವರು ನಮ್ಮ ಕಾಕಾನ ಬೇವಿನ ಗಿಡಕ್ಕ ಹಿಂಗ ನಂಬರ ಹಾಕಿ, ಇನ್ನ ಇದು ಸರಕಾರದ ಗಿಡ ಅಂದು ಹೋದ್ರು. ಆಮ್ಯಾಲ ಒಂದು ಟೊಂಗಿ ಕಡದಿದ್ದಕ್ಕ ದಂಡ ಹಾಕಿದ್ರು. ನಾಳೆ ಕೂರಿಗಿಗೆ, ಚಕ್ಕಡಿಗೆ ನಾ ಎಲ್ಲಿಂದ ಕಟಗಿ ತರ್ಲಿ? ನೀವು ಕಚೇರಿಗೆ ಹೋಗಿ ಬರಸೂದ್ರಾಗ ಕಡದ ಹಾಕಬೇಕಂತ ಮಾಡಿದ್ನಿ."

"ಯಾವ ಕಚೇರಿನೋ? ನಾ ಸಾಲಿ ಮಾಸ್ತರ! ಗೂಡು ಎಣಸ್ಲಿಕ್ಕೆ ಬಂದಾಂವ!"

ಕೊಡಲಿಗಳು ನಿಂತವು. ಲಕ್ಕಪ್ಪ ನನ್ನನ್ನೇ ನೋಡಿದ.

"ಮುಂಜಾನಿ ಕೇಳಿದ್ನೆಲ್ರಿ ನಾ. ಎರಡ ಸಲ ಕೇಳಿದ್ನಿ."

ನಾನು ತ್ರ್ಯಂಬಕನನ್ನು ಬೈದೆ. ಅವನ ದುರ್ಬೀನನ್ನು ಬೈದೆ. ಏದುಸಿರು ಬಿಡುತ್ತ ಬಂದ ನಿಜಗುಣಪ್ಪನನ್ನೂ ಅವನ ಸುಣ್ಣವನ್ನೂ ಬೈದೆ. ಬೈಯುವುದಕ್ಕೆ ಮತ್ತಾರೂ ಉಳಿಯಲಿಲ್ಲ. ಒಂದು ಮಾತು, ಬರೀ ಒಂದು ನೆಟ್ಟಗಿನ ಮಾತು ಹೇಳಲು ನನ್ನ ಗಂಟೇನು ಹೋಗುತ್ತಿತ್ತು?

ಶಟ್ಟೆವ್ವ ಸೊಂಟಮಟ ನೀರಲ್ಲಿದ್ದಳು. ಮಗನಿಗೆ ಅಡ್ಡ ಬಂದು, ಅವನು ಕೇಳದಿದ್ದಾಗ ನೀರಿಗಿಳಿದಿದ್ದಳಂತೆ. ಸೆರಗಿನಲ್ಲಿ ಮರಿ ತುಂಬಿ ತಂದು ಬುಟ್ಟಿಗೆ ಸುರಿಯುತ್ತಿದ್ದಳು. ಕೈಯೆಲ್ಲ ಮುಳ್ಳು ಗೀರಿ ರಕ್ತ. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಓದಿದವರು ನೀವು," ಅಂದಳು. "ಇವಕ್ಕ ಬಾಯಾಗ ಏನ್ ಹಾಕ್ಲಿ? ಹೇಳ್ರಿ."

"ಮೀನ," ಎಂದೆ.

"ನಾವು ಲಿಂಗ ಕಟ್ಟಿದ ಮಂದಿ. ಮೀನ ಹಿಡದ ಗೊತ್ತಿಲ್ಲ ನಮಗ."

ಹಿಡಿದು ಗೊತ್ತಿದ್ದವರು ಅಲ್ಲಿ ಯಾರೂ ಇರಲಿಲ್ಲ. ನಾನು ಎಂಟು ಮೊಳದ ಧೋತರ ಬಿಚ್ಚಿ, ಲಂಗೋಟಿಯಲ್ಲಿ ನೀರಿಗಿಳಿದು, ಬಲೆಯಂತೆ ಹಿಡಿಯಲು ಅದರ ಒಂದು ತುದಿಯನ್ನು ತ್ರ್ಯಂಬಕನತ್ತ ಎಸೆದೆ.

"ವೆಂಕ್ಯಾ, ಹುಚ್ಚು ಹಿಡದದ ಏನು? ಜನಿವಾರ ಹಾಕ್ಕೊಂಡು ಮೀನ ಮುಟ್ಟತೀಯಾ? ಮನ್ಯಾಗ ಏನಂದಾರು?"

"ಹಿಡೀತೀಯೋ, ನಿನ್ನ ದುರ್ಬೀನ ಸಮೇತ ಒಳಗ ದಬ್ಬಲೋ?"

ಹಿಡಿದ. ಮೊದಲ ಸಲ ಧೋತರದ ತುಂಬ ರಾಡಿ ಬಂತು. ಎರಡನೆಯ ಸಲವೂ ರಾಡಿಯೇ. ಮೂರನೆಯ ಸಲ ಕಿರುಬೆರಳಿನಷ್ಟು ಉದ್ದದ ನಾಲ್ಕು ಮೀನು ಒದ್ದಾಡಿದವು. ಶಟ್ಟೆವ್ವ ಕೊರಳ ಲಿಂಗವನ್ನು ಕುಬಸದೊಳಗೆ ಸರಿಸಿಕೊಂಡು, ಕಣ್ಣು ಮುಚ್ಚಿ ಒಂದನ್ನು ಎತ್ತಿ ಮರಿಯ ಬಾಯಲ್ಲಿ ತುರುಕಿದಳು. ಮರಿ ಕತ್ತು ಕೊಂಕಿಸಿ ನುಂಗಿತು.

ಅವಳು ನನ್ನ ಮುಖ ನೋಡಲಿಲ್ಲ. ಕೈ ಮಾತ್ರ ಮುಂದೆ ಚಾಚಿದಳು.

"ತರ್ರಿ ಇನ್ನೊಂದು."

ಬುಟ್ಟಿಯಲ್ಲಿ ನೂರು ಬಾಯಿ ತೆರೆದಿದ್ದವು. ಹೊತ್ತು ಇಳಿಯತೊಡಗಿತ್ತು.