ಪಟೇಲನ ಕೊಟ್ಟಿಗೆಯ ಹೆಂಚು

"ಇಪ್ಪತ್ತು ರೂಪಾಯಿಗೆ ಗಂಡ ಹೆಂಡ್ತಿ ಇಬ್ರೂ ಎರಡು ವರ್ಷ ಜೀತ ಮಾಡ್ಬೇಕಾ? ನನ್ನ ಮನೆ ಹೊದಿಸ್ತೀರಾ ಬುದ್ಧಿ, ಇಲ್ಲ ಅರಮನೆ ಹೊದಿಸ್ತೀರಾ?"

"ಬಾಯಿ ಮುಚ್ಚಮ್ಮಿ! ಹೆಂಚಿನ ಮನೇನೇ ಬೇಕು ಅಂದೋಳು ನೀನು. ಹುಲ್ಲು ಹೊದಿಸ್ಕೊ, ಯಾರು ಬ್ಯಾಡ ಅಂದ್ರು?"

ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಲೇ ಪಟೇಲ ಚಾಮಯ್ಯ ಮಾತಾಡುತ್ತಿದ್ದ. ಕೆಳಗೆ ಅಂಗಳದಲ್ಲಿ ಚಿಕ್ಕಸಿದ್ದಮ್ಮ ಸಗಣಿ ಮಂಕರಿಯನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಗಂಡ ಚಿಕ್ಕಬೀರಯ್ಯ ಹಿಂದಿನಿಂದ ಅವಳ ಸೆರಗು ಜಗ್ಗುತ್ತಿದ್ದ. "ಸುಮ್ಕಿರು. ಬುದ್ಯೋರು ಹೊಸ ಹೆಂಚಿಗೆ ಸಾಲ ಕೊಡ್ತೀನಿ ಅಂತಾವ್ರಲ್ಲ, ಅದೇ ದೊಡ್ಡದು."

ಪ್ಲೇಗಿನಿಂದಾಗಿ ಊರಿಗೆ ಊರೇ ನಾಲ್ಕು ತಿಂಗಳು ಹೊಲದಲ್ಲಿ ಜೋಪಡಿ ಹಾಕಿಕೊಂಡಿತ್ತು. ಇಲಿ ಸತ್ತು ಬಿದ್ದ ಮನೆಗಳ ಸೂರು ಬಿಚ್ಚಿ ಒಳಕ್ಕೆ ಬಿಸಿಲು ಬೀಳಿಸಬೇಕೆಂದು ಕಟ್ಟಳೆಯಾಯಿತು. ಚಿಕ್ಕಸಿದ್ದಮ್ಮನ ಕೇರಿಯ ಹುಲ್ಲು ಸೂರುಗಳನ್ನೆಲ್ಲ ಸುಟ್ಟರು. ಅಲ್ಲಿ ಹೆಂಚಿನ ಮನೆ ಅಂತ ಇದ್ದದ್ದು ಅವಳದೊಂದೇ. ಅದರ ಹೆಂಚುಗಳನ್ನು ಇಳಿಸಿ ಹಿತ್ತಿಲಲ್ಲಿ ಪೇರಿಸಿಟ್ಟರು. ಅವಳು ವಾಪಸು ಬಂದಾಗ ಗೋಡೆ ಇತ್ತು, ಹೆಂಚು ಇರಲಿಲ್ಲ. ಎಲ್ಲ ಪುಡಿಯಾಗಿದ್ದವು, ತಿಪ್ಪೆಗೆ ಹಾಕಿಸಿದೆ ಎಂದ ಪಟೇಲ. ಪಟೇಲ ಹೇಳಿದ ಮೇಲೆ ಮುಗಿಯಿತಲ್ಲ.

ಆ ಹೆಂಚಿಗೆ ಅವಳು ದುಡ್ಡು ಕೊಟ್ಟಿರಲಿಲ್ಲ. ಎರಡು ಬೇಸಿಗೆ ಕೆರೆಯಿಂದ ಕುಂಬಾರನ ಮನೆಗೆ ಮಣ್ಣು ಹೊತ್ತು, ತುಳಿದು, ಆವಿಗೆಗೆ ಸೌದೆ ಒಟ್ಟಿ ಸಂಪಾದಿಸಿದ್ದಳು. ಎರಡನೇ ಬೇಸಿಗೆಯಲ್ಲಿ ಬಸುರಿ. ಅದು ನಿಲ್ಲಲಿಲ್ಲ, ಹೆಂಚು ನಿಂತಿತು.

"ಬುದ್ಧಿ, ನಿಮ್ಮ ಕೊಟ್ಟಿಗೆ ಹೆಂಚು ಎಲ್ಲಿಂದ ತರಿಸಿದ್ರಿ?"

"ಕುಂಬಾರ ಹೊಸದಾಗಿ ಸುಟ್ಟುಕೊಟ್ಟ. ಕೆಂಪಗೆ ಕೆಂಡದಂಗವೆ, ಕಣ್ಣು ಕಾಣಾಕಿಲ್ವಾ?"

ಮೇಲ್ಗಡೆಯೇನೋ ಕೆಂಪಗಿತ್ತು. ಕೆಮ್ಮಣ್ಣು ಬಳಿಸಿದ್ದ.

"ಒಳಗೋಗಿ ನೋಡಿದ್ದೀರಾ?"

"ಸಗಣಿ ಒಳಕ್ಕೆ ನಾನ್ಯಾಕಮ್ಮಿ ಹೋಗ್ಲಿ?"

"ಅದಕ್ಕೇ ಗೊತ್ತಾಗಿಲ್ಲ. ದಿನಾ ಬಾಚೋಳು ನಾನು. ಇವತ್ತು ಸೊಂಟ ನೋವು ಅಂತ ನೆಟ್ಟಗೆ ನಿಂತು ಮೇಲಕ್ಕೆ ನೋಡ್ದೆ. ಒಳಮೈಯೆಲ್ಲ ಕರೀ ಮಸಿ. ಹನ್ನೆರಡು ವರ್ಷದ ಒಲೆ ಹೊಗೆ. ನಿಮ್ಮ ಹಸ ಯಾವತ್ತಿಂದ ಮುದ್ದೆ ಬೇಯಿಸ್ತಾವೆ ಬುದ್ಧಿ?"

ಜಗಲಿಯ ತುದಿಯಲ್ಲಿ ಕೂತಿದ್ದ ತಳವಾರ ಸಣ್ಣಬೀರಯ್ಯ ಕಿಸಕ್ಕೆಂದು ನಕ್ಕು, ಕೆಮ್ಮಿದವನಂತೆ ಮುಖ ತಿರುಗಿಸಿದ.

"ನನ್ನನ್ನ ಕಳ್ಳ ಅಂತೀಯಾ?"

"ನಾನೆಲ್ಲಿ ಅಂದೆ? ಹೆಂಚು ಅಂತದೆ."

ಪಟೇಲ ಎದ್ದು ನಿಂತ. "ನಾಳೆಯಿಂದ ನನ್ನ ಹೊಲ, ನನ್ನ ಕಣ, ಎಲ್ಲೂ ನೀವಿಬ್ರೂ ಕಾಲಿಡಂಗಿಲ್ಲ. ಹೆಂಚು ನೆಕ್ಕೊಂಡು ಬದುಕ್ರಿ!"

ಚಿಕ್ಕಬೀರಯ್ಯ ನೆಲಕ್ಕೆ ಬಿದ್ದ. "ತೆಪ್ಪಾಯ್ತು ಬುದ್ಧಿ, ಹೆಂಗಸು, ಬುದ್ಧಿ ಇಲ್ಲ."

ಅವಳು ಬಿದ್ದಿದ್ದ ಗಂಡನ ಪಕ್ಕದಿಂದ ಹಾದು ಹೋದಳು. ಮಂಕರಿಯ ಸಗಣಿಯನ್ನು ತಿಪ್ಪೆಗೆ ಸುರಿದು, ಏಣಿ ತಂದು ಕೊಟ್ಟಿಗೆಗೆ ಒರಗಿಸಿ ಹತ್ತಿದಳು. ಮೊದಲನೇ ಹೆಂಚು ಕಿತ್ತು ಬೀದಿಗೆ ಕಾಣುವಂತೆ ಮಗುಚಿ ಹಿಡಿದಳು. ಬೀದಿಯಲ್ಲಿ ನಿಂತವರು ಮಸಿ ನೋಡಿದರು.

"ಸಣ್ಣಬೀರ, ಇಳಿಸ್ಲಾ ಅವಳನ್ನ!" ಪಟೇಲ ಕೂಗಿದ.

ಸಣ್ಣಬೀರಯ್ಯ ಕಾಲು ನೀವಿಕೊಂಡ. "ಏಣಿ ಹತ್ತೋಕೆ ಮಂಡಿ ಬಗ್ಗಾಕಿಲ್ಲ ಬುದ್ಧಿ."

ಅವಳು ಇಪ್ಪತ್ತಿಪ್ಪತ್ತು ಹೆಂಚು ಮಂಕರಿಗೆ ತುಂಬಿ ತನ್ನ ಮನೆಗೆ ಹೊತ್ತಳು. ನಾಲ್ಕನೇ ಸಲ ಬರುವಷ್ಟರಲ್ಲಿ ಚಿಕ್ಕಬೀರಯ್ಯ ಏಣಿಯ ಮೇಲಿದ್ದ. ಬಿರಬಿರನೆ ಹೆಂಚು ಕೀಳುತ್ತಿದ್ದ. "ಒಡೆದೀಯ, ಮೆಲ್ಲಗೆ ಕೀಳು" ಎಂದಳು, ಅಷ್ಟೇ.

ಹೊತ್ತು ಇಳಿಯುವಷ್ಟರಲ್ಲಿ ಕೊಟ್ಟಿಗೆಯ ಗಳಗಳು ಬರಿದಾದವು. ಹಸುಗಳು ಕೂಗುತ್ತಿದ್ದವು. ಬೆಳಗಿನಿಂದ ಯಾರೂ ಮೇವು ಹಾಕಿರಲಿಲ್ಲ.

"ಲೇ, ಆದದ್ದಾಯ್ತು. ಕೆಲಸ ಬಿಡಿಸಲ್ಲ, ಬುಡು. ಹಸಕ್ಕೆ ಮೇವು ಹಾಕಿ, ಹಾಲು ಕರೆದಿಟ್ಟು ಹೋಗು" ಎಂದ ಪಟೇಲ. ದನಿ ಬೆಳಗಿನದಲ್ಲ.

ಚಿಕ್ಕಬೀರಯ್ಯ ಹೆಂಡತಿಯ ಮುಖ ನೋಡಿದ. ಅವಳು ಕೊನೆಯ ಮಂಕರಿಯನ್ನು ತಲೆಗೇರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಬ್ಬಾಗಿಲು ದಾಟಿ ನಡೆದಳು. ಆಮೇಲೆ ಆ ಅಂಗಳ ತುಳಿಯಲಿಲ್ಲ.