ಸುಗ್ಗಿಹಬ್ಬದ ಹರಾಜು

ಒಂದು ಕೋಣೆ, ಒಂದು ಒಲೆ, ಇಬ್ಬರು ಹೆಂಗಸರು. ಅದರಲ್ಲೂ ಒಬ್ಬಳು ಭಾಲ್ಕಿಯವಳು, ಇನ್ನೊಬ್ಬಳು ಔರಾದದವಳು. ಮೂರು ತಿಂಗಳು ಒಬ್ಬರನ್ನೊಬ್ಬರು ಕೊಲ್ಲದೆ ಉಳಿದದ್ದೇ ದೇವರ ದಯೆ.

ಕೊರಿಯಾದ ಆ ಕಾರ್ಖಾನೆ ಊರಿನಲ್ಲಿ ದುಡಿಯುವ ನಮ್ಮ ದೇಶದ ಮಂದಿಯ ಸೇವೆಗೆಂದು ಅಲ್ಲಿನ ಚರ್ಚು ಬೀದರಿನಿಂದ ಇಬ್ಬರನ್ನೂ ಕರೆಸಿಕೊಂಡಿತ್ತು. ಬೀದರಿನ ಮೈಲೂರು ಚರ್ಚಿನಲ್ಲಿ ಹಾರ ಹಾಕಿ ಕಳಿಸಿದವರು ಯಾರೂ ಒಂದು ಮಾತು ಹೇಳಿರಲಿಲ್ಲ: ಕೆಲಸ ಇರುವುದು ಒಬ್ಬಳಿಗೇ! ನವೆಂಬರಿನ ಸುಗ್ಗಿಹಬ್ಬದ ಭಾನುವಾರ ಇಬ್ಬರೂ ದೇವರು ತಮಗೆ ಮಾಡಿದ ಉಪಕಾರದ ಸಾಕ್ಷಿಯನ್ನು ಕೊರಿಯನ್ ಭಾಷೆಯಲ್ಲಿ ಹೇಳಬೇಕು. ಸಭೆಗೆ ಹಿಡಿಸಿದವಳು ಉಳಿಯುತ್ತಾಳೆ, ಇನ್ನೊಬ್ಬಳು ವಿಮಾನ ಹತ್ತುತ್ತಾಳೆ.

ಶೀಬಾಗೆ ಉಳಿಯಲೇಬೇಕಿತ್ತು. ನರ್ಸ್ ಕೆಲಸ ಎಲ್ಲಾದರೂ ಸಿಕ್ಕೀತು, ಆದರೆ ಔರಾದದಲ್ಲಿ ಅವಳು ಗಂಡನ ಮನೆ ಬಿಟ್ಟು ಬಂದವಳು. ಬಸ್‌ಸ್ಟ್ಯಾಂಡಿನಿಂದ ಚರ್ಚಿನ ಬಾಗಿಲವರೆಗೂ ಗುಸುಗುಸು. ಇಲ್ಲಿ ಅವಳು ಬರೀ ಶೀಬಾ.

ಮಾರ್ಥಾ ಟೀಚರಳದೋ ಬೇರೆಯೇ ಜಂಬ. ಭಾಲ್ಕಿಯ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಬೆತ್ತ ಹಿಡಿದವಳು, ತನಗೆ ಬಾರದ ಕೊರಿಯನ್ನಿನಲ್ಲೂ ಶೀಬಾಳ ತಪ್ಪು ತಿದ್ದುತ್ತಿದ್ದಳು. ನಸುಕಿನ ಪ್ರಾರ್ಥನೆಗೆ ಮುಂಚೆಯೇ ಟಪಟಪ ರೊಟ್ಟಿ ಬಡಿದು ಕೆಳಮನೆಯವರನ್ನು ಎಬ್ಬಿಸುತ್ತಿದ್ದಳು. ಕ್ಷಮೆ ಕೇಳಲು ಹೋಗುವವಳು ಮಾತ್ರ ಶೀಬಾ, ಭಾಷೆ ಬರುವುದು ಅವಳಿಗಲ್ಲವೇ! ಮಾರ್ಥಾಗೆ ಸರಿಯಾಗಿ ಬಂದದ್ದು ಎಣಿಕೆ ಒಂದೇ. ಹಾನಾ, ದುಲ್, ಸೆತ್ ಎಂದು ಮೆಟ್ಟಿಲು ಎಣಿಸುತ್ತ ಹತ್ತುತ್ತಿದ್ದಳು.

ಹಬ್ಬದ ಹಿಂದಿನ ದಿನ ಅವಳೇ ಕೇಳಿದಳು.

"ಏ ಶೀಬಾ, ನಾಳಿ ಹರಾಜ ಯಾರ ಕೂಗ್ತಾರ?"

ನಮ್ಮ ಕಡೆ ಸುಗ್ಗಿಹಬ್ಬ ಎಂದರೆ ಹರಾಜೇ. ಕಾಣಿಕೆಯಾಗಿ ಬಂದ ಹೆಸರು, ಉದ್ದು, ಕೋಳಿ, ಸೋರೆಕಾಯಿ ಎಲ್ಲವನ್ನೂ ಆರಾಧನೆ ಮುಗಿದೊಡನೆ ಕೂಗುತ್ತಾರೆ, ಸೋರೆಕಾಯಿಯೊಂದಕ್ಕೆ ಸಾವಿರ ಕೊಟ್ಟವನಿಗೆ ಇಡೀ ಸಭೆ ಚಪ್ಪಾಳೆ ಹೊಡೆಯುತ್ತದೆ. ಆದರೆ ಇಲ್ಲಿ ಹಾಗಿಲ್ಲ. ಶುಕ್ರವಾರ ಚರ್ಚಿನ ಅಡುಗೆಮನೆಯಲ್ಲಿ ಕೋಸು ತೊಳೆಯುತ್ತ ಶೀಬಾ ಎಲ್ಲ ವಿಚಾರಿಸಿಕೊಂಡಿದ್ದಳು. ವೇದಿಕೆಯ ಮುಂದಿಟ್ಟದ್ದೆಲ್ಲ ಓಣಿಯ ಒಂಟಿ ಮುದುಕರ ಪಾಲು, ಯಾರೂ ಮುಟ್ಟುವಂತಿಲ್ಲ.

"ಯಾರೂ ಇಲ್ಲಂದ್ರ ನೀವೇ ಕೂಗ್ರಿ ಟೀಚರ," ಅಂದಳು ಶೀಬಾ. "ಸುಗ್ಗಿಹಬ್ಬ ಅಂದಮ್ಯಾಲ ಹರಾಜ ಇರ್ದೇ ಇರ್ತದೇನ್ರಿ? ನಿಮ್ಮಂಥ ಧ್ವನಿ ಇಲ್ಲಿ ಯಾರಿಗದ?"

ಮಾರ್ಥಾ ಮೊದಲ ಸಲ ಅವಳತ್ತ ನಕ್ಕಳು. ಶೀಬಾ ತನ್ನ ಸಾಕ್ಷಿಯ ಚೀಟಿಯತ್ತ ಕಣ್ಣು ತಿರುಗಿಸಿದಳು.

ಭಾನುವಾರ ಶೀಬಾಳ ಸಾಕ್ಷಿ ಚೊಕ್ಕವಾಗಿ ಮುಗಿಯಿತು. ಆಮೇಲೆ ಮಾರ್ಥಾ ಸೆರಗು ಹೊದ್ದು ನಿಂತಳು, ತಡವರಿಸಿದಳು, ಎರಡು ಸಲ ಚೀಟಿ ನೋಡಿದಳು. ಆಶ್ಚರ್ಯ ಏನೆಂದರೆ ಮುದುಕಿಯರು ಕಣ್ಣೊರೆಸಿಕೊಂಡರು! ಅಷ್ಟರಲ್ಲಿ ಮಾರ್ಥಾ ವೇದಿಕೆಯಿಳಿದು, ಕಾಣಿಕೆಯ ರಾಶಿಯಿಂದ ಕುಂಬಳಕಾಯಿಯನ್ನೆತ್ತಿ ತಲೆಯ ಮೇಲೆ ಹಿಡಿದಳು.

"ಹತ್ತು ಸಾವಿರ ವೊನ್! ಹಾನಾ! ದುಲ್!"

ಸಭೆಗೆ ಸಭೆಯೇ ಗರಬಡಿದು ಕೂತಿತು. ಹಿರಿಯರೊಬ್ಬರು ಓಡಿಬಂದು ಕುಂಬಳಕಾಯಿ ಕಿತ್ತುಕೊಂಡರು. ಆ ಚರ್ಚಿನ ಪಾಸ್ಟರು, ಪಾಕ್ ಎಂಬುವರು, ಮುಖ ಕೆಂಪಗೆ ಮಾಡಿಕೊಂಡು ಶೀಬಾಳನ್ನು ಕೇಳಿದರು, "ಇದು ನಿಮ್ಮೂರ ಪದ್ಧತಿಯೇ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಎಲ್ಲರೂ ನಕ್ಕು ಊಟಕ್ಕೇಳುತ್ತಿದ್ದರು. ಮಾರ್ಥಾ ಅವಳನ್ನೇ ನೋಡುತ್ತಿದ್ದಳು.

"ಇಲ್ಲ," ಅಂದಳು ಶೀಬಾ, ಸ್ವಚ್ಛ ಕೊರಿಯನ್ನಿನಲ್ಲಿ. "ನಮ್ಮಲ್ಲಿ ಹೀಗೆ ಮಾಡುವುದಿಲ್ಲ."

ಅಷ್ಟು ಕೊರಿಯನ್ ಮಾರ್ಥಾಗೂ ಬರುತ್ತಿತ್ತು.

ಊಟವಾದ ಮೇಲೆ ಪಾಸ್ಟರು ತೀರ್ಮಾನ ಹೇಳಿದರು: ಶೀಬಾ ಉಳಿಯಲಿ. ಸಂಜೆ ಕೋಣೆಯಲ್ಲಿ ಮಾರ್ಥಾ ಸೀರೆ ಮಡಚತೊಡಗಿದಳು. ಬೈದಿದ್ದರೆ ಎದುರಾಡಲು ಶೀಬಾ ಹತ್ತು ಮಾತು ಜೋಡಿಸಿಕೊಂಡಿದ್ದಳು. ಅವಳು ಬೈಯಲೇ ಇಲ್ಲ, ಹಾಳಾದವಳು. ಆಗ ಔರಾದದಿಂದ ಅಪ್ಪ ಯೇಸುದಾಸನ ವಿಡಿಯೊ ಕರೆ ಬಂತು. ಹಿಂದೆ ಚರ್ಚಿನ ಅಂಗಳ, ಜನರ ಗದ್ದಲ.

"ಬೇಟಾ, ನಮ್ದೂ ಇವತ್ತೇ ಹಬ್ಬ! ಈ ಸಲ ಹರಾಜ ನಾನೇ ಕೂಗ್ದೆ, ಗಂಟಲ ಹೋಗ್ಯದ ನೋಡು. ನಿನ್ನ ಹೆಸರಲೆ ಒಂದ ಹುಂಜ ಹಿಡದೀನಿ. ಎಲ್ಲಾರೂ ಚಪ್ಪಾಳಿ ಹೊಡದ್ರು, ಒಬ್ರೂ ಕೆಟ್ಟ ಮಾತ ಆಡ್ಲಿಲ್ಲ. ನಿಮ್ಮಲ್ಲಿ ಹರಾಜ ಆಯ್ತಾ?"

ಶೀಬಾ ಫೋನು ಕವುಚಿ ಹಾಕಲು ಹೋದಳು. ಮಾರ್ಥಾ ಬಂದವಳೇ ಫೋನು ಕಸಿದುಕೊಂಡಳು.

"ಆಯ್ತ್ರಿ ಯೇಸುದಾಸಣ್ಣಾ. ನಾನೇ ಕೂಗಿದ್ನಿ. ನಿಮ್ಮ ಮಗಳ ಮಾರಿ ನೋಡ್ಕೋತ ಕೂಗಿದ್ನಿ. ಆಕಿ ದನಿ ಕೊಡಲಿಲ್ಲ."

ಫೋನನ್ನು ಶೀಬಾಳ ಮಡಿಲಿಗೆಸೆದು, ಪೆಟ್ಟಿಗೆಯ ಮೇಲೆ ಕೂತು ಜಿಪ್ಪೆಳೆದಳು.

"ಯಾಕ ಬೇಟಾ?" ಅಪ್ಪ ಕೇಳುತ್ತಲೇ ಇದ್ದ. "ಯಾಕ ದನಿ ಕೊಡಲಿಲ್ಲ?"